ಅಥಾಬಾಸ್ಕಾ ನದಿ ದಡದ ಹೊಸ ಕಾಡು

ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಎಡ್ಮಂಟನ್‌ನಿಂದ ಫೋರ್ಟ್ ಮೆಕ್‌ಮರಿಗೆ ಸುಮಾರು 435 ಕಿ.ಮೀ. ಹೈವೇ 63 ಹಿಡಿದು ಹೊರಟರೆ ದಾರಿಯುದ್ದಕ್ಕೂ ಸ್ಪ್ರೂಸ್ ಮರಗಳು, ಊರು ಹತ್ತಿರವಾದಂತೆ 2016ರ ಕಾಳ್ಗಿಚ್ಚಿನಲ್ಲಿ ಸುಟ್ಟು ನಿಂತ ಕರಿ ಬೊಡ್ಡೆಗಳು. ಊರು ದಾಟಿ ಇನ್ನೂ ಉತ್ತರಕ್ಕೆ ಹೋದಾಗ ಮೊದಲು ಮೂಗಿಗೆ ಬಡಿದದ್ದು ಟಾರಿನ ವಾಸನೆ. ಗಣಿ ಕಣ್ಣಿಗೆ ಬಿದ್ದದ್ದು ಆಮೇಲೆ.

ಮರಳಿಗೆ ಅಂಟಿಕೊಂಡ ಬಿಟುಮೆನ್ ಎಂಬ ಟಾರಿನಂಥ ಎಣ್ಣೆಯನ್ನು ಇಲ್ಲಿ 1967ರಿಂದ ದೊಡ್ಡ ಪ್ರಮಾಣದಲ್ಲಿ ತೆಗೆಯುತ್ತಿದ್ದಾರೆ. ಅದಕ್ಕಾಗಿ ಮೇಲಿನ ಕಾಡನ್ನೂ ಮಸ್ಕೆಗ್ ಎಂಬ ಜೌಗನ್ನೂ ಹೆರೆದು ಹಾಕಬೇಕು. ಕೆಲಸ ಮುಗಿದ ಮೇಲೆ ನೆಲಕ್ಕೆ ಮೊದಲಿನದಕ್ಕೆ ‘ಸಮಾನವಾದ ಸಾಮರ್ಥ್ಯ’ ಬರಬೇಕು ಎನ್ನುತ್ತದೆ ಆಲ್ಬರ್ಟಾದ ಕಾನೂನು. ಸಮಾನ ಎಂದರೆ ಅದೇ ಅಲ್ಲ, ನೋಡಿ. ಗೇಟ್‌ವೇ ಹಿಲ್ ಎಂಬ 104 ಹೆಕ್ಟೇರ್ ಜಾಗಕ್ಕೆ 2008ರಲ್ಲಿ ಸರ್ಕಾರದ ಪ್ರಮಾಣಪತ್ರ ಸಿಕ್ಕಿತು, ಎಣ್ಣೆ ಮರಳಿನ ಪ್ರದೇಶದಲ್ಲೇ ಮೊದಲನೆಯದು. ಹಿಂದೆ ಅಲ್ಲಿದ್ದದ್ದು ತಗ್ಗಿನ ಜೌಗು, ಈಗಿರುವುದು ಗಣಿಯ ಮಣ್ಣು ಸುರಿದು ಎಬ್ಬಿಸಿದ ಗುಡ್ಡ. ಕಾಗದದ ಮೇಲೆ ಲೆಕ್ಕ ಸರಿಹೋಗಿದೆ!

ಫೋರ್ಟ್ ಮೆಕ್‌ಮರಿಯಿಂದ ಉತ್ತರಕ್ಕೆ ಸುಮಾರು 60 ಕಿ.ಮೀ. ಆಚೆ ಫೋರ್ಟ್ ಮೆಕೇ. ಕ್ರೀ, ಡೆನೆ, ಮೇಟಿ ಎಂಬ ಮೂಲನಿವಾಸಿ ಜನರ ಊರು. ಬೇಟೆ, ಮೀನುಗಾರಿಕೆ ನಡೆಸಿಕೊಂಡು ಹೋಗುವ ಹಕ್ಕನ್ನು 1899ರ ‘ಟ್ರೀಟಿ 8’ ಒಪ್ಪಂದ ಇಲ್ಲಿನ ಕ್ರೀ, ಡೆನೆ ಜನರಿಗೆ ಕೊಟ್ಟಿದೆ. ಅಲ್ಲಿನ ಒಬ್ಬ ಅಜ್ಜಿ ಮತ್ತು ಒಬ್ಬ ಮಣ್ಣುವಿಜ್ಞಾನಿಯ ಹಿಂದೆ, ಗಣಿ ಮುಚ್ಚಿ ಗಿಡ ನೆಟ್ಟ ಒಂದು ಇಳಿಜಾರು ಹತ್ತಿದೆ.

ವಿಜ್ಞಾನಿ ಮಣ್ಣು ಕೆದಕಿ ತೋರಿಸಿದರು. ಹೊಸದಾಗಿ ಹೆರೆದ ಕಾಡಿನ ನೆಲದ ಮೇಲ್ಪದರವನ್ನು ರಾಶಿ ಹಾಕಿ ವರ್ಷಗಟ್ಟಲೆ ಬಿಡದೆ ತಕ್ಷಣ ತಂದು ಹರಡಿದರೆ, ಅದರೊಳಗಿನ ಬೀಜ, ಬೇರುಗಳಿಂದಲೇ ಆ ಕಾಡಿನವೇ ಗಿಡಗಳು ಏಳುತ್ತವೆ. ಅಷ್ಟು ಹೊತ್ತಿಗೆ ಅಜ್ಜಿ ಒಂದು ಬ್ಲೂಬೆರಿ ಗಿಡದ ಮುಂದೆ ಕೂತಾಗಿತ್ತು. ಎಲೆಯನ್ನು ಹೆಬ್ಬೆರಳಿನಿಂದ ಉಜ್ಜಿ, ಬೆರಳಿಗೆ ಹತ್ತಿದ ಧೂಳನ್ನು ನಮಗೆ ತೋರಿಸಿದರು. ಹಣ್ಣು ಬಾಯಿಗೆ ಹಾಕಿಕೊಳ್ಳಲಿಲ್ಲ. “ಗಿಡ ಚೆನ್ನಾಗಿದೆ. ಆದರೆ ಇದನ್ನ ಮೊಮ್ಮಕ್ಕಳಿಗೆ ಕೊಡ್ತೀನಾ?” ಎಂದರು.

ಈ ಪ್ರಶ್ನೆಗೆ ಮರ ಎಣಿಸಿ ಉತ್ತರ ಹೇಳಲಾಗದು. ಫೋರ್ಟ್ ಮೆಕೇ ಹೆಂಗಸರೂ ವುಡ್ ಬಫಲೋ ಪರಿಸರ ಸಂಘದ ವಿಜ್ಞಾನಿಗಳೂ ಸೇರಿ ಹಣ್ಣುಗಳನ್ನು ಪರೀಕ್ಷಿಸಿದ್ದು ಇದಕ್ಕಾಗಿಯೇ. ಒಂದು ಕಡೆ ಪ್ರಯೋಗಾಲಯ, ಇನ್ನೊಂದು ಕಡೆ ನಾಲಿಗೆ, ಕಣ್ಣು, ಹಳೆಯ ನೆನಪು. ನನಗೆ ಈ ಎರಡು ಅರಿವುಗಳ ನಿಜವಾದ ಜೋಡಣೆ ಕಂಡದ್ದು ಇಲ್ಲಿ, ಸಮಾರಂಭದ ಸಸಿ ನೆಡುವಿಕೆಯಲ್ಲಲ್ಲ.

ಜೌಗಿನ ಕಥೆ ಇನ್ನೂ ಕಷ್ಟದ್ದು. ಪೀಟ್, ಅಂದರೆ ಜೌಗಿನಲ್ಲಿ ಅರೆಕೊಳೆತು ಕೂಡಿದ ಗಿಡಗಳ ಪದರ, ಬೆಳೆಯುವುದು ವರ್ಷಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. 2013ರಲ್ಲಿ ಕಟ್ಟಿದ ನಿಕಾನೋಟಿ ಫೆನ್‌ನಲ್ಲಿ ಸುತ್ತಲಿನ ದಿಬ್ಬದಿಂದ ಅಂತರ್ಜಲ ಇಳಿದು ಬರುವಂತೆ ಎಂಜಿನಿಯರುಗಳು ಜೌಗನ್ನೇ ರೂಪಿಸಿದರು. ನೀರಿನ ಲೆಕ್ಕದಲ್ಲಿ ಅದು ಜಾಣ ಕೆಲಸ. ಅಜ್ಜಿ ಮಾತ್ರ ಗಂಟಲು ನೋವಿಗೆ ಅಗಿಯುವ ರ‍್ಯಾಟ್ ರೂಟ್ ಬೇರಿನ ಬಗ್ಗೆ ಕೇಳಿದರು. ಅದು ಎಂಥ ನೀರಿನಲ್ಲಿ ಬೆಳೆದಿದೆ ಎನ್ನುವುದರ ಮೇಲೆ ಅದು ಔಷಧಿ ಹೌದೋ ಅಲ್ಲವೋ ಎನ್ನುವುದು ನಿಂತಿದೆಯಂತೆ.

ವಾಪಸು ಬರುವಾಗ, 1993ರಿಂದ ಗಣಿ ಮುಚ್ಚಿದ ನೆಲದಲ್ಲಿ ಮೇಯುತ್ತಿರುವ ವುಡ್ ಬೈಸನ್ ಹಿಂಡು ನೋಡಿದೆವು. ಪ್ರವಾಸಿಗರು ಫೋಟೋ ತೆಗೆಯುವ ಜಾಗ ಅದು. ಅಜ್ಜಿ ಕಾರಿನಿಂದ ಇಳಿಯಲಿಲ್ಲ. “ಗಿಡ ನೆಡೋ ದಿನ ನಮ್ಮನ್ನ ಕರೀತಾರೆ. ಎಲ್ಲಿ ಅಗೀಬೇಕು ಅಂತ ನಕ್ಷೆ ಬರೆಯೋ ದಿನ ಕರೆಯಲ್ಲ” ಎಂದರು.

ಅವರು ಹಣ್ಣು ಕೀಳಲು ಹೋಗುವುದು ಮೂಸ್ ಲೇಕ್‌ಗೆ. ಅದರ ಸುತ್ತಲಿನ 10 ಕಿ.ಮೀ. ವಲಯದಲ್ಲಿ ಉದ್ಯಮಕ್ಕೆ ಮಿತಿ ಹಾಕುವ ಯೋಜನೆಗೆ 2021ರಲ್ಲಿ ಒಪ್ಪಿಗೆ ಸಿಕ್ಕಿತು. ಆ ನಕ್ಷೆಗೆ ಫೋರ್ಟ್ ಮೆಕೇ ಜನರೂ ಸರ್ಕಾರವೂ ಒಟ್ಟಿಗೆ ಕೂತಿದ್ದರು. ಆದರೆ ಅದಕ್ಕೂ ಮೊದಲು ಅಲ್ಲಿನ ಒಂದು ತೈಲ ಯೋಜನೆಯ ವಿರುದ್ಧ ಫೋರ್ಟ್ ಮೆಕೇ ಜನರು ಕೋರ್ಟಿನ ಮೆಟ್ಟಿಲು ಹತ್ತಿ, 2020ರಲ್ಲಿ ಅದರ ಅನುಮತಿಯನ್ನು ರದ್ದು ಮಾಡಿಸಬೇಕಾಗಿ ಬಂತು.