ಆ ಹಡಗಿನವರಿಗೂ ಕಟಿಂಗ್ ಮಾಡ್ತಿದ್ನಾ?

ಈ ಪ್ರಶ್ನೆ ನನ್ನ ಮಗಳದ್ದು. ಹೋದ ಭಾನುವಾರ ಅಟ್ಲಾಂಟಿಕ್ ಸಾಗರದ ಬರ್ಮುಡಾ ದ್ವೀಪದಲ್ಲಿರುವ ಸೇಂಟ್ ಜಾರ್ಜಸ್ ಊರಿನ ಟಕ್ಕರ್ ಹೌಸ್‌ಗೆ ಹೋಗಿದ್ದೆವು. ಹಳೇ ಮನೆ, ಈಗ ಮ್ಯೂಸಿಯಂ. ಬೆಳ್ಳಿ ಸಾಮಾನು, ಮಹಾಗನಿ ಪೀಠೋಪಕರಣ, ಗೋಡೆ ತುಂಬ ಹಿರೀಕರ ಚಿತ್ರಗಳು. ಅವಳು ಅದನ್ನೆಲ್ಲ ಸರಸರ ದಾಟಿ, ಅಡುಗೆಮನೆಯಲ್ಲಿ ಬಂದು ನಿಂತಳು.

1860ರ ದಶಕದಲ್ಲಿ ಈ ಅಡುಗೆಮನೆಯೇ ಜೋಸೆಫ್ ರೇನಿಯ ಕಟಿಂಗ್ ಅಂಗಡಿ. ರೇನಿ ದಕ್ಷಿಣ ಕೆರೊಲಿನಾದಲ್ಲಿ ಗುಲಾಮನಾಗಿ ಹುಟ್ಟಿದವನು. ಅಪ್ಪ ಕ್ಷೌರ ಮಾಡಿ ಕೂಡಿಟ್ಟ ದುಡ್ಡಲ್ಲಿ ಮನೆಯವರನ್ನೆಲ್ಲ ಬಿಡಿಸಿಕೊಂಡಿದ್ದ. ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾದಾಗ, ಗುಲಾಮಗಿರಿ ಉಳಿಸಿಕೊಳ್ಳಲು ಹೊರಟ ದಕ್ಷಿಣದವರು ರೇನಿಯನ್ನು ಕೋಟೆ ಕೆಲಸಕ್ಕೆ ಹಚ್ಚಿದರು. 1862ರಲ್ಲಿ ಹೆಂಡತಿಯನ್ನು ಕರೆದುಕೊಂಡು ಇಲ್ಲಿಗೆ ತಪ್ಪಿಸಿಕೊಂಡು ಬಂದ. ಈ ಬ್ರಿಟಿಷ್ ದ್ವೀಪದಲ್ಲಿ ಗುಲಾಮಗಿರಿ 1834ರಲ್ಲೇ ಹೋಗಿತ್ತು.

ಗುಲಾಮಗಿರಿ ಹೋಗಿತ್ತು, ವ್ಯಾಪಾರ ಎಲ್ಲಿಗೆ ಹೋಗುತ್ತೆ? ಉತ್ತರದ ಲಿಂಕನ್ ಸರ್ಕಾರ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತ್ತು. ಅದನ್ನು ಕದ್ದು ದಾಟುವವರಿಗೆ ಸೇಂಟ್ ಜಾರ್ಜಸ್ ಒಳ್ಳೆ ತಂಗುದಾಣ. ಇಂಗ್ಲೆಂಡಿನಿಂದ ಬಂದ ಬಂದೂಕು, ಮದ್ದು, ಬೂಟು ಇಲ್ಲಿಳಿದು ವೇಗದ ಹಬೆ ಹಡಗುಗಳಿಗೆ ಏರುತ್ತಿದ್ದವು. ಕತ್ತಲಲ್ಲಿ ಕಣ್ಣಿಗೆ ಬೀಳದ ಬೂದು ಬಣ್ಣ, ಹೊಗೆ ಕಡಿಮೆ ಬರುವ ಆಂಥ್ರಸೈಟ್ ಕಲ್ಲಿದ್ದಲು. ಬೆಳದಿಂಗಳಿಲ್ಲದ ರಾತ್ರಿ ನೋಡಿ ದಕ್ಷಿಣದವರ ವಿಲ್ಮಿಂಗ್ಟನ್ ಬಂದರಿಗೆ ನುಗ್ಗುವುದು, ಬರುವಾಗ ಹತ್ತಿ ಹೇರಿಕೊಂಡು ಬರುವುದು.

ಅಂದರೆ ರೇನಿ ಯಾರಿಂದ ಓಡಿಬಂದನೋ ಅವರಿಗೇ ಬಂದೂಕು ಒಯ್ಯುವವರು ಅವನ ಅಂಗಡಿ ಮುಂದೆ ಓಡಾಡುತ್ತಿದ್ದರು. ಊರಲ್ಲಿ ಕಾಸು ಆಡುತ್ತಿದ್ದದ್ದೂ ಅವರ ಕೈಯಲ್ಲೇ. "ಮಾಡಿರಲೇಬೇಕು ಪುಟ್ಟಿ" ಅಂದೆ.

"ಕ್ಷೌರದ ಕತ್ತಿ ಕುತ್ತಿಗೆ ಹತ್ರ ಇದ್ದಾಗ್ಲೂ ಸುಮ್ನೆ ಇದ್ನಾ?"

ಸುಮ್ಮನಿದ್ದ. 1866ರಲ್ಲಿ ವಾಪಸ್ ಹೋದ. 1870ರಲ್ಲಿ ಅಮೆರಿಕ ಸಂಸತ್ತಿನ ಕೆಳಮನೆಯಲ್ಲಿ ಕೂತ ಮೊದಲ ಕಪ್ಪು ಸದಸ್ಯನಾದ. ಮನೆ ಪಕ್ಕದ ಓಣಿಗೆ ಈಗ ಬಾರ್ಬರ್ಸ್ ಆಲಿ ಅಂತಲೇ ಹೆಸರು.

ಆ ಯುದ್ಧದ ದುಡ್ಡು ನಮ್ಮ ಕಡೆಗೂ ಹರಿದಿತ್ತು. ಅಮೆರಿಕದ ಹತ್ತಿ ನಿಂತಾಗ ಮ್ಯಾಂಚೆಸ್ಟರ್ ಗಿರಣಿಯವರ ಕಣ್ಣು ಧಾರವಾಡದ ಹತ್ತಿ ಮೇಲೆ ಬಿತ್ತು. ದರ ಸಿಕ್ಕಾಪಟ್ಟೆ ಏರಿತು. ಹತ್ತಿ ಹಡಗಿಗೆ ಏರಿಸಲು ಕಾರವಾರ ಬಂದರು ಬೆಳೆಸಿ ಅಂತ ಒತ್ತಾಯವೂ ಶುರುವಾಯಿತು. 1865ರಲ್ಲಿ ಯುದ್ಧ ಮುಗಿಯಿತು, ದರವೂ ಕುಸಿಯಿತು. ಗದಗಿನ ಹತ್ತಿರದ ನಮ್ಮೂರಲ್ಲಿ, ಆ ದುಡ್ಡಿನಲ್ಲೇ ಎದ್ದದ್ದು ಅಂತ ಹಿರಿಯರು ಹೇಳುವ ವಾಡೆ ಒಂದಿದೆ. ಬಾಗಿಲ ಮೇಲೆ ಸಾಹುಕಾರರ ಹೆಸರು. ಹತ್ತಿ ಬಿಡಿಸಿದವರದ್ದಾಗಲಿ, ಹಿತ್ತಲಲ್ಲಿ ಕೂತು ಸಾಹುಕಾರರ ಗಡ್ಡ ಹೆರೆದವರದ್ದಾಗಲಿ ಹೆಸರು ಯಾರಿಗೂ ಗೊತ್ತಿಲ್ಲ. ನಾನೂ ಕೇಳಿದವಳಲ್ಲ.

ಕಟಿಂಗ್ ಅಂದಾಗ ನನಗೆ ನೆನಪಾದದ್ದು ಬೇರೆ. ನಾನು ಚಿಕ್ಕವಳಿದ್ದಾಗ ನಮ್ಮೂರ ಅಂಗಡಿಯಲ್ಲಿ ಕೇರಿಯ ಜನರಿಗೆ ಕೂದಲು ತೆಗೆಯುತ್ತಿರಲಿಲ್ಲ. ಅವರು ಗದಗಿಗೆ ನಡೆದು ಹೋಗುತ್ತಿದ್ದರು. ಇದನ್ನು ಮಗಳಿಗೆ ಹೇಳಲು ಬಾಯಿ ಬರಲಿಲ್ಲ. ರಾತ್ರಿ ಅಪ್ಪನಿಗೆ ಫೋನ್ ಮಾಡಿ, "ಕೇರಿಯವ್ರು ಈಗೂ ಗದಗಿಗೆ ಹೋಗ್ತಾರೇನಪಾ?" ಅಂತ ಕೇಳಿದೆ.

"ಈಗ ಬಸ್ ಅದಾವಲ್ಲ ತಂಗಿ, ಏನೂ ತೊಂದ್ರಿ ಇಲ್ಲ" ಅಂದರು.