ಎಂಜಿಬಿ ಚಳಿಗಾಲದ ಲಾಗ್: ರಸ್ತೆಗೆ ಉಪ್ಪು ಬೀಳುವ ಮೊದಲು

ಅಕ್ಟೋಬರ್ ಕೊನೆ

ಗಾಡಿ ಗೊತ್ತಿಲ್ಲದವರಿಗೆ: 1972ರ ಎಂಜಿಬಿ ರೋಡ್‌ಸ್ಟರ್, ಅಂದರೆ ಎರಡು ಸೀಟಿನ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಹಸಿರು ಬಣ್ಣ, 1798 ಸಿಸಿ ಎಂಜಿನ್, ಎರಡು ಎಸ್‌ಯು ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಸಾಧನ), ಮೇಲೆ ಮಡಚುವ ಟಾಪ್. ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ 1962ರಿಂದ 1980ರ ತನಕ ಇವನ್ನು ಮಾಡಿದರು. ಬಹುಪಾಲು ಬಂದದ್ದು ಅಮೆರಿಕಕ್ಕೇ. ಹಾಗಾಗಿ ಇಲ್ಲಿ ಮಿಶಿಗನ್‌ನಲ್ಲಿ ಬಿಡಿಭಾಗಕ್ಕೆ ಪರದಾಡಬೇಕಾಗಿಲ್ಲ. ಬೇಸಿಗೆಯಲ್ಲಿ ಡೆಟ್ರಾಯ್ಟ್ ಕಡೆಯ ವುಡ್‌ವರ್ಡ್ ಅವೆನ್ಯೂ ರಸ್ತೆಯಲ್ಲಿ ಟಾಪ್ ಇಳಿಸಿ ಓಡಿಸುವ ಸುಖವೇ ಬೇರೆ. ಆದರೆ ನವೆಂಬರ್ ನಡುವಿನಿಂದ ಏಪ್ರಿಲ್ ತನಕ ಇದು ಗ್ಯಾರೇಜಿನಿಂದ ಹೊರಗೆ ಕಾಲಿಡಬಾರದು.

ಚಳಿಗೆ ಹೆದರಿ ಒಳಗಿಡುತ್ತೀಯಾ ಅಂತ ಊರಿನ ಗೆಳೆಯರು ಕೇಳುತ್ತಿರುತ್ತಾರೆ. ಒಣ ಚಳಿಯಿಂದ ಕಬ್ಬಿಣಕ್ಕೆ ಏನೂ ಆಗುವುದಿಲ್ಲ. ಮೈನಸ್ 20ರಲ್ಲೂ ಒಣ ಗ್ಯಾರೇಜಿನಲ್ಲಿ ನಿಂತ ಕಾರು ಆರಾಮಾಗಿ ಇರುತ್ತದೆ. ತಿನ್ನುವುದು ನೀರು, ಅದರ ಜೊತೆಗೆ ಉಪ್ಪು. ಡೆಟ್ರಾಯ್ಟ್ ನಗರದ ಕೆಳಗೆ ಸುಮಾರು 1,200 ಅಡಿ ಆಳದಲ್ಲಿ ಉಪ್ಪಿನ ಗಣಿಯೇ ಇದೆ, ಮಂಜು ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಅಲ್ಲಿಂದ ಬರುತ್ತದೆ. ಜಾಸ್ತಿ ಚಳಿ ಬಿದ್ದಾಗ ಬರೀ ಉಪ್ಪು ಸಾಲದು ಅಂತ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣವನ್ನೂ ಸಿಂಪಡಿಸುತ್ತಾರೆ. ಅದು ಗಾಳಿಯಿಂದಲೇ ತೇವ ಎಳೆದುಕೊಂಡು ಲೋಹಕ್ಕೆ ಅಂಟಿಕೊಂಡು ಕೂರುತ್ತದೆ. ನಾನು ಕುಂದಾಪುರ ಕಡೆಯವನು. ಕಡಲ ಗಾಳಿಗೆ ಕಿಟಕಿ ಸರಳು ಹೇಗೆ ಪದರ ಪದರವಾಗಿ ಏಳುತ್ತದೆ ಅಂತ ಚಿಕ್ಕಂದಿನಿಂದ ನೋಡಿದ್ದೇನೆ, ಹಾಗಾಗಿ ಈ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಕಟ್ಟುನಿಟ್ಟು. ಮೊದಲ ಉಪ್ಪಿನ ಲಾರಿ ರಸ್ತೆಗಿಳಿಯುವ ಮೊದಲೇ ಕಾರು ಒಳಗಿರಬೇಕು.

ಈ ವಾರ ಪೂರ್ತಿ ತೊಳೆಯುವ ಕೆಲಸ. ಮೇಲ್ಮೈ ಯಾರಾದರೂ ತೊಳೆಯುತ್ತಾರೆ, ಎಂಜಿಬಿಯ ತುಕ್ಕು ಇರುವುದು ಕಾಣದ ಕಡೆ. ಮುಂದಿನ ಚಕ್ರದ ಮೇಲ್ಭಾಗದಲ್ಲಿ, ಫೆಂಡರ್ ಒಳಗೆ ಮಣ್ಣು ನಿಲ್ಲುವ ಒಂದು ಅಂಚು ಇದೆ. ಅಲ್ಲಿ ಕೈ ಹಾಕಿದರೆ ಹಿಡಿ ತುಂಬ ಒದ್ದೆ ಮಣ್ಣು ಬಂತು, ಹೊರಗೆಲ್ಲ ಒಣಗಿ ವಾರವಾಗಿತ್ತು! ಈ ಗಾಡಿಗೆ ಬೇರೆ ಚಾಸಿ (ಭಾರ ಹೊರುವ ಅಡಿ ಚೌಕಟ್ಟು) ಇಲ್ಲ, ಬಾಗಿಲ ಕೆಳಗಿನ ಸಿಲ್‌ಗಳೇ ಭಾರ ಹೊರುವುದು. ಮಣ್ಣು ಅಲ್ಲಿಗೆ ಇಳಿದು ಕೂತರೆ ಕಾರಿನ ಬೆನ್ನೆಲುಬೇ ಹೋದಂತೆ.

ಇನ್ನೊಂದು ಜಾಗ ಬಹಳ ಜನ ನೋಡುವುದಿಲ್ಲ. ಮುಂದಿನ ಗಾಜಿನ ಎದುರು ಹೀಟರ್‌ಗೆ ಗಾಳಿ ಹೋಗುವ ಜಾಲರಿ ಇದೆಯಲ್ಲ, ಅದರೊಳಗೆ ಬಿದ್ದ ನೀರು ಒಂದು ರಬ್ಬರ್ ಕೊಳವೆಯಲ್ಲಿ ಗೇರ್‌ಬಾಕ್ಸ್ ಟನಲ್ ಕಡೆಗೆ ಇಳಿದು ಹೋಗಬೇಕು. ಮೇಲಿನಿಂದ ಒಂದು ಲೋಟ ನೀರು ಬಿಟ್ಟೆ, ಕೆಳಗೆ ಹನಿಯೂ ಬರಲಿಲ್ಲ. ದಪ್ಪ ನೈಲಾನ್ ತಂತಿ ತೂರಿಸಿ ಮೆಲ್ಲಗೆ ಆಡಿಸಿದ ಮೇಲೆ ಕೊಳೆತ ಮೇಪಲ್ ಎಲೆಯ ಕಪ್ಪು ಗಸಿ ಬಳಬಳ ಇಳಿಯಿತು. ಹಿಂದಿನ ಮಾಲೀಕರ ಕಾಲದಿಂದ ಅಲ್ಲೇ ಇತ್ತೋ ಏನೋ. ತೊಳೆದ ಮೇಲೆ ಬಿಸಿಲಿರುವ ದಿನ ನೋಡಿ ದೂರ ಓಡಿಸಿಕೊಂಡು ಬಂದೆ. ಎಂಜಿನ್, ಬ್ರೇಕ್, ಎಕ್ಸಾಸ್ಟ್ ಎಲ್ಲ ಬಿಸಿಯಾಗಿ ಒಣಗಲಿ ಅಂತ.

ನವೆಂಬರ್ ಮೊದಲ ವಾರ

ಎಣ್ಣೆ ಬದಲಾಯಿಸಿದೆ, 20ಡಬ್ಲ್ಯೂ-50. ವಸಂತದಲ್ಲಿ ಬದಲಿಸಿದರೆ ಸಾಲದೇ ಅಂತ ಕೇಳುವವರಿದ್ದಾರೆ. ಹಳೇ ಎಣ್ಣೆಯಲ್ಲಿ ಆಮ್ಲವೂ ನೀರಿನ ಅಂಶವೂ ಸೇರಿರುತ್ತದೆ, ಅದನ್ನು ಬೇರಿಂಗ್ ಮೇಲೆ ಐದಾರು ತಿಂಗಳು ಯಾಕೆ ಬಿಡಬೇಕು? ಎಂಜಿನ್ ಬಿಸಿ ಇರುವಾಗಲೇ ಇಳಿಸಿ ಹೊಸದು ಹಾಕುವುದು ಒಳ್ಳೆಯದು. ಗ್ರೀಸ್ ಕೂಡ ಈಗಲೇ. ಮುಂದಿನ ಕಿಂಗ್‌ಪಿನ್‌ಗೆ (ಮುಂದಿನ ಚಕ್ರ ತಿರುಗಲು ಆಧಾರವಾದ ಗೂಟ) ಒಂದೊಂದು ಕಡೆ ಗ್ರೀಸ್ ಒತ್ತುವ ಮೂರು ನಿಪ್ಪಲ್, ಹೊಸ ಗ್ರೀಸ್ ಹೊರಗೆ ಇಣುಕುವ ತನಕ ಒತ್ತಿದೆ. ಬಲಗಡೆಯ ಕೆಳಗಿನದರಿಂದ ಮೊದಲು ಕಂದು ನೀರು ಬಂತು, ಆಮೇಲೆ ಗ್ರೀಸ್.

ಪೆಟ್ರೋಲ್: ಇಲ್ಲಿ ಸಾಮಾನ್ಯವಾಗಿ ಸಿಗುವುದರಲ್ಲಿ 10 ಶೇಕಡಾ ಎಥನಾಲ್ ಇರುತ್ತದೆ. ಎಥನಾಲ್ ನೀರು ಹೀರುತ್ತದೆ, ಮಿತಿ ಮೀರಿದರೆ ನೀರು ಮತ್ತು ಎಥನಾಲ್ ಎರಡೂ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಚಳಿ ಏರಿದಷ್ಟೂ ಆ ಮಿತಿ ಇಳಿಯುತ್ತದೆ. ದೋಣಿ, ಸ್ನೋಮೊಬೈಲ್‌ಗೆ ಅಂತ ಎಥನಾಲ್ ಇಲ್ಲದ ಪೆಟ್ರೋಲ್ ಕೆಲವು ಬಂಕ್‌ಗಳಲ್ಲಿ ಸಿಗುತ್ತದೆ. ಅದನ್ನೇ ಕುತ್ತಿಗೆ ತನಕ ತುಂಬಿಸಿದೆ. ಟ್ಯಾಂಕಿನೊಳಗೆ ಖಾಲಿ ಜಾಗ ಕಮ್ಮಿಯಾದರೆ ಒಳಗೆ ಬೆವರುವುದೂ ಕಮ್ಮಿ. ಪೆಟ್ರೋಲ್ ಕೆಡದಂತೆ ತಡೆಯುವ ಸ್ಟೆಬಿಲೈಸರ್ ಹಾಕಿ ಒಂದಷ್ಟು ದೂರ ಓಡಿಸಿದೆ, ಅದು ಕಾರ್ಬ್ಯುರೇಟರ್ ಬೌಲ್ ತನಕ ತಲುಪಬೇಕಲ್ಲ.

ಎಂಜಿನ್ ತಂಪು ಮಾಡುವ ಕೂಲಂಟ್ ಅಳೆದೆ. ಅರ್ಧ ಆಂಟಿಫ್ರೀಜ್ ಅರ್ಧ ನೀರು, ಮೈನಸ್ 37ರ ತನಕ ಭಯವಿಲ್ಲ. ಚಳಿ ನೇರವಾಗಿ ಕೊಲ್ಲುವ ಜಾಗ ಇದು: ಬರೀ ನೀರಿದ್ದರೆ ಹೆಪ್ಪುಗಟ್ಟಿ ಉಬ್ಬಿ ಕಬ್ಬಿಣದ ಬ್ಲಾಕನ್ನೇ ಸೀಳಿಬಿಡುತ್ತದೆ.

ನವೆಂಬರ್ ನಡುವೆ

ಬ್ಯಾಟರಿ. ಈ ಮಾಡೆಲ್‌ನಲ್ಲಿ 6 ವೋಲ್ಟಿನ ಎರಡು ಬ್ಯಾಟರಿ, ಸೀಟಿನ ಹಿಂದೆ ನೆಲದ ಮುಚ್ಚಳದ ಕೆಳಗೆ, ರಸ್ತೆಯ ನೀರು ನೇರವಾಗಿ ರಾಚುವ ಜಾಗದಲ್ಲಿ ನೇತಾಡುತ್ತವೆ. ಎರಡನ್ನೂ ಎತ್ತಿ ಬೇಸ್‌ಮೆಂಟಿಗೆ ತಂದು ಮೇಂಟೇನರ್‌ಗೆ (ಚಾರ್ಜ್ ಇಳಿಯದಂತೆ ಕಾಯುವ ಸಣ್ಣ ಚಾರ್ಜರ್) ಹಾಕಿದೆ. ಪೂರ್ತಿ ಚಾರ್ಜ್ ಇರುವ ಬ್ಯಾಟರಿ ಮೈನಸ್ 50ಕ್ಕೂ ಹೆಪ್ಪುಗಟ್ಟುವುದಿಲ್ಲ. ಅದೇ ಖಾಲಿಯಾದದ್ದು ಮೈನಸ್ 7ರ ಆಸುಪಾಸಿನಲ್ಲೇ ಗಟ್ಟಿಯಾಗಿ ಒಡೆಯಬಹುದು. ಬ್ಯಾಟರಿ ತೆಗೆದ ಮೇಲೆ ಅದು ಕೂರುವ ಲೋಹದ ತೊಟ್ಟಿಲು ಕೈಗೆ ಸಿಕ್ಕಿತು, ತಂತಿ ಬ್ರಷ್ ಹಾಕಿ ಉಜ್ಜಿದರೆ ಬಿಳಿ ಪುಡಿಯ ಕೆಳಗೆ ಕೆಂಪು ತುಕ್ಕು, ಅದರ ಕೆಳಗೆ ಪುಣ್ಯಕ್ಕೆ ಇನ್ನೂ ಗಟ್ಟಿ ಲೋಹ. ಅಡಿಗೆ ಸೋಡಾ ನೀರಿನಲ್ಲಿ ತೊಳೆದು, ಒಣಗಿಸಿ, ತುಕ್ಕು ತಡೆಯುವ ಪೇಂಟ್ ಬಳಿದೆ.

ಗ್ಯಾರೇಜಿನ ಕಾಂಕ್ರೀಟ್ ನೆಲಕ್ಕೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ದಿನ ಬಿಟ್ಟಿದ್ದೆ. ತೆಗೆದು ನೋಡಿದರೆ ಅಡಿಯಲ್ಲಿ ಹನಿಹನಿ ನೀರು. ನೆಲವೇ ತೇವ ಬಿಡುತ್ತಿದೆ ಅಂತಾಯಿತು. ಹಾಗಾಗಿ ಕಾರಿನ ಕೆಳಗಿಡೀ ದಪ್ಪ ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ಪ್ಲೈವುಡ್, ಅದರ ಮೇಲೆ ಟೈರು. ಗಾಳಿ ಸ್ವಲ್ಪ ಜಾಸ್ತಿ ತುಂಬಿಸಿದೆ, ಒಂದೇ ಕಡೆ ಚಪ್ಪಟೆಯಾಗದಿರಲಿ ಅಂತ. ಹ್ಯಾಂಡ್‌ಬ್ರೇಕ್ ಬಿಟ್ಟಿದ್ದೇನೆ, ಎಳೆದಿಟ್ಟರೆ ಬ್ರೇಕಿನ ಶೂ ಅದರ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಚಕ್ರಕ್ಕೆ ಮರದ ತುಂಡು. ಟಾಪ್ ಏರಿಸಿಯೇ ಇಟ್ಟಿದ್ದೇನೆ, ಮಡಚಿದ ವಿನೈಲ್ ಚಳಿಯಲ್ಲಿ ಬಿರುಕು ಬಿಡುತ್ತದೆ. ಮೇಲೆ ಗಾಳಿಯಾಡುವ ಬಟ್ಟೆಯ ಹೊದಿಕೆ. ಪ್ಲಾಸ್ಟಿಕ್ ಟಾರ್ಪಾಲ್ ಮಾತ್ರ ಬೇಡವೇ ಬೇಡ, ಒಳಗೆ ಬೆವರು ನಿಂತು ಬಣ್ಣ ಗುಳ್ಳೆ ಏಳುತ್ತದೆ.

ಇಲಿಗಳಿಗೆ ಎಕ್ಸಾಸ್ಟ್ ಬಾಯಿಗೂ ಏರ್ ಫಿಲ್ಟರ್ ಮೂತಿಗೂ ಸ್ಟೀಲ್ ವುಲ್. ನುಸಿಗುಳಿಗೆ ಬೇಡ, ಆ ವಾಸನೆ ಸೀಟಿನಿಂದ ವರ್ಷಗಟ್ಟಲೆ ಹೋಗುವುದಿಲ್ಲ. ಸ್ಟೀರಿಂಗಿಗೆ ಒಂದು ರಟ್ಟು ಕಟ್ಟಿ ಏನೇನು ಎಲ್ಲೆಲ್ಲಿ ತುರುಕಿದ್ದೇನೆ ಅಂತ ಬರೆದಿಟ್ಟಿದ್ದೇನೆ.

ಜನವರಿ

ನಿಲ್ಲಿಸಿಟ್ಟ ಕಾರನ್ನು ನಡುನಡುವೆ ಸ್ಟಾರ್ಟ್ ಮಾಡುತ್ತೀಯಾ ಅಂತ ಕೇಳಿದ್ದಕ್ಕೆ ಉತ್ತರ: ಇಲ್ಲ, ಮಾಡುವುದಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ. ಓಡುವ ಕಾರಿನಲ್ಲಿ ಎಕ್ಸಾಸ್ಟ್ ಕಾದು ಅದು ಆವಿಯಾಗಿ ಹೊರಗೆ ಹೋಗುತ್ತದೆ. ನಿಂತಲ್ಲೇ ಐದು ನಿಮಿಷ ಗುರ್ ಅನ್ನಿಸಿ ಆಫ್ ಮಾಡಿದರೆ ಸೈಲೆನ್ಸರ್ ಒಳಗೂ ಎಣ್ಣೆಯಲ್ಲೂ ನೀರು ಉಳಿಯುತ್ತದೆ, ಚೋಕ್ ಎಳೆದಾಗ ಹೆಚ್ಚಾಗಿ ಬರುವ ಪೆಟ್ರೋಲಿನಿಂದ ಸಿಲಿಂಡರ್ ಗೋಡೆಯ ಎಣ್ಣೆಯೂ ತೊಳೆದು ಹೋಗುತ್ತದೆ. ಕಾರಿಗೆ ಒಳ್ಳೆಯದಾಗಲಿ ಅಂತಲೇ ಮಾಡುತ್ತಾರೆ ಪಾಪ, ಆಗುವುದು ಉಲ್ಟಾ. ಮಲಗಿದ್ದನ್ನು ಮಲಗಲು ಬಿಡಿ.

ಈ ಸಲದ ಮುಖ್ಯ ಬದಲಾವಣೆ ಬೇರೆ. ದಿನಾ ಓಡಿಸುವ ಕಾರನ್ನು ಗ್ಯಾರೇಜಿನಿಂದ ಹೊರಗೆ ನಿಲ್ಲಿಸುತ್ತಿದ್ದೇವೆ. ಅದು ಚಕ್ರದ ಗೂಡಿನಲ್ಲಿ ಹೊತ್ತು ತರುವ ಉಪ್ಪಿನ ಕೆಸರು ಒಳಗೆ ಕರಗಿ, ಅದರ ನೀರು ಆವಿಯಾಗಿ, ಪಕ್ಕದ ತಣ್ಣಗಿನ ಎಂಜಿಬಿ ಮೇಲೆಯೇ ಕೂರುತ್ತದೆ. ಬೆಳಗ್ಗೆ ಗಾಜಿನ ಮಂಜು ಕೆರೆಯುವ ಕೆಲಸ ಹೆಚ್ಚಿತು, ಮನೆಯಲ್ಲಿ ಎಲ್ಲರೂ ಒಪ್ಪಿದ್ದಾರೆ, ದೊಡ್ಡ ಮನಸ್ಸು. ತೇವಮಾಪಕ ಈಗ ಹೆಚ್ಚಾಗಿ 50 ಶೇಕಡಾದ ಕೆಳಗೇ ತೋರಿಸುತ್ತದೆ, ಅಷ್ಟರಲ್ಲಿ ತುಕ್ಕು ಬಹಳ ನಿಧಾನ.

ಫೆಬ್ರವರಿ ಕೊನೆ

ಎರಡು ದಿನ ದಿಢೀರಂತ ಬೆಚ್ಚಗಾಯಿತು, ಜೊತೆಗೆ ಮಳೆ. ವರ್ಷದಲ್ಲಿ ಅತಿ ಅಪಾಯದ ಹೊತ್ತು ಇದೇ. ಹೊರಗಿನ ಒದ್ದೆ ಗಾಳಿ ಒಳಗೆ ನುಗ್ಗಿದರೆ ಇನ್ನೂ ತಣ್ಣಗಿರುವ ಲೋಹದ ಮೇಲೆಲ್ಲ ನೀರು ಕಟ್ಟುತ್ತದೆ. ಬಾಗಿಲು ಮುಚ್ಚಿಯೇ ಇಟ್ಟು ಸಣ್ಣ ಫ್ಯಾನ್ ಹಾಕಿದೆ. ಹೊದಿಕೆ ಎತ್ತಿ ವೈಪರ್ ಬುಡ, ಸಿಲ್ ಅಂಚು, ಬ್ರೇಕ್ ಡಿಸ್ಕ್ ಮುಟ್ಟಿ ನೋಡಿದೆ. ಒಣಗಿವೆ. ಡಿಸ್ಕ್ ಮೇಲೆ ತೆಳು ಕಂದು ಪೊರೆ ಇದೆ, ಮೊದಲ ಕೆಲವು ಬ್ರೇಕಿಗೆ ಹೋಗಿಬಿಡುತ್ತದೆ. ಬ್ಯಾಟರಿ ಎರಡೂ 6.3 ವೋಲ್ಟ್ ಮೇಲಿವೆ.

ಹೊರಗೆ ತೆಗೆಯುವುದು ಏಪ್ರಿಲ್‌ನಲ್ಲಿ ಎರಡು ಮೂರು ಜೋರು ಮಳೆ ಬಂದು ರಸ್ತೆಯ ಉಪ್ಪು ಚರಂಡಿಗೆ ಹೋದ ಮೇಲೆಯೇ. ಅಷ್ಟರೊಳಗೆ ಬ್ರೇಕ್ ಫ್ಲೂಯಿಡ್ ಬದಲಿಸಬೇಕು, ಅದೂ ನೀರು ಹೀರುವ ಪೈಕಿ. ಡಾಟ್ 4 ದರ್ಜೆಯ ಫ್ಲೂಯಿಡ್ ಡಬ್ಬ ತಂದಿಟ್ಟಿದ್ದೇನೆ, ಕ್ಲಚ್ ಸ್ಲೇವ್ ಸಿಲಿಂಡರಿನ ಸೀಲ್ ಕಿಟ್ ಮುಂದಿನ ವಾರ ಬರುತ್ತದೆ. ಎರಡನ್ನೂ ಒಟ್ಟಿಗೇ ಮಾಡುತ್ತೇನೆ.