ಬೋಗುಣಿಯಲ್ಲಿ ಕರಗಿದ ಕುಮಟೆಯ ಟಪಾಲು

ನನ್ನ ಹತ್ತಿರ ಇರುವ ಹಳೆಯ ಸ್ಟಾಂಪುಗಳು ಒಟ್ಟು 43. ಎಲ್ಲವೂ ವಿಕ್ಟೋರಿಯಾ ರಾಣಿಯ ಕಾಲದವು, ಎಲ್ಲವೂ ಕುಮಟೆಯ ಒಂದೇ ಮನೆಗೆ ಬಂದ ಟಪಾಲಿನವು. ಯಾರಾದರೂ ಆಲ್ಬಂ ನೋಡಿ ಚೆನ್ನಾಗಿದೆ ಎಂದರೆ ನನಗೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ಅದು ಯಾಕೆಂದು ಇವತ್ತು ಬರೆದುಬಿಡುತ್ತೇನೆ.

1971ನೇ ಇಸವಿ. ನನಗೆ ಹನ್ನೊಂದು ವರ್ಷ. ಬಂದರಿನ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ಪಕ್ಕದ್ದು ಹಳೆಯ ವ್ಯಾಪಾರಸ್ಥರ ಮನೆ. ಅವರ ವಖಾರಿಯ ಅಟ್ಟ ಮಳೆಗೆ ಸೋರುತ್ತಿತ್ತು, ಹೆಂಚು ಇಳಿಸಿ ಎಲ್ಲ ಖಾಲಿ ಮಾಡುತ್ತಿದ್ದರು. ಅಲ್ಲಿಂದ ಬಂತು ಆ ತಂತಿ. ಒಂದೂವರೆ ಮೊಳದ ಕಬ್ಬಿಣದ ತಂತಿ, ಕೆಳಗೆ ಒಂದು ಮರದ ಬಿಲ್ಲೆ, ಮೇಲೆ ಕೊಕ್ಕೆ. ಬಂದ ಕಾಗದವನ್ನೆಲ್ಲ ಓದಿ ನಡುವೆ ಚುಚ್ಚಿ ಒಂದರ ಮೇಲೊಂದು ಇಳಿಸಿಟ್ಟಿದ್ದರು. ನಾನು ಸ್ಟಾಂಪು ಕೂಡಿಸುವುದು ಆ ಮನೆಯ ಅಜ್ಜಿಗೆ ಗೊತ್ತಿತ್ತು. "ಬೇಕಾದ್ರೆ ತಕೊಂಡು ಹೋಗೊ, ಇಲ್ಲದಿದ್ರೆ ಬಚ್ಚಲ ಒಲೆಗೇ ಸೈ" ಅಂದರು.

ಮನೆಗೆ ತಂದೆ. ಹಿತ್ತಾಳೆ ಬೋಗುಣಿಯಲ್ಲಿ ಬಿಸಿನೀರು ಹಾಕಿ ಕಾಗದಗಳನ್ನು ತಂತಿಯಿಂದ ಎಳೆದೆಳೆದು ಮುಳುಗಿಸಿದೆ. ಸ್ಟಾಂಪು ಬಿಡಿಸುವುದು ಹಾಗೆಯೇ ಎಂದು ಶಾಲೆಯಲ್ಲಿ ದೊಡ್ಡ ಹುಡುಗರು ಹೇಳಿಕೊಟ್ಟಿದ್ದರು. ಕಾಗದದ ತುಂಬ ಮೋಡಿ ಲಿಪಿ (ಹಳೆಯ ಕಾಲದ ಓಟದ ಕೈಬರಹ), ಮನೆಯಲ್ಲೇ ಅರೆದ ಕಾಡಿಗೆ ಮಸಿ. ನೀರು ಕ್ಷಣದಲ್ಲಿ ಕಪ್ಪಾಯಿತು. ಆಯಿ ಹಿತ್ತಿಲಿಂದ ಬಂದವಳು "ಎಂತಾ ಮಾಡ್ತಾ ಇದ್ಯೋ ತಮಾ, ಅದ್ರಲ್ಲಿ ಅಕ್ಷರ ಇದ್ದು" ಅಂದಳು. ಮೂರು ಬೋಗುಣಿ ಕಪ್ಪು ನೀರನ್ನು ಬಾಳೆಬುಡಕ್ಕೆ ಚೆಲ್ಲಿದೆ. ಸ್ಟಾಂಪುಗಳನ್ನು ಹಳೆಯ ಪೇಪರಿನ ಮೇಲೆ ಒಣಗಿಸಿದೆ. ಅವತ್ತು ನನಗಾದ ಖುಷಿ ಇವತ್ತಿಗೂ ನೆನಪಿದೆ.

ಈಗ ಸ್ಟಾಂಪಿನ ಮಾತು. ಇಡೀ ಹಿಂದುಸ್ಥಾನಕ್ಕೆ ಒಂದೇ ಸ್ಟಾಂಪು ಬಂದದ್ದು 1854ರ ಅಕ್ಟೋಬರ್ 1ಕ್ಕೆ. ಅದಕ್ಕೂ ಎರಡು ವರ್ಷ ಮೊದಲು, 1852ರಲ್ಲಿ, ಬಾರ್ಟಲ್ ಫ್ರೇರ್ ಎಂಬ ಅಧಿಕಾರಿ ಸಿಂಧ್ ಪ್ರಾಂತ್ಯದ ಮಟ್ಟಿಗೆ ಸಿಂಧ್ ಡಾಕ್ ಎಂಬ ಅರ್ಧಾಣೆಯ ಸ್ಟಾಂಪು ಮಾಡಿಸಿದ್ದ. ಏಷ್ಯಾದಲ್ಲೇ ಮೊದಲನೆಯದು ಅದು. 1854ರವುಗಳಲ್ಲಿ ಹೆಚ್ಚಿನವನ್ನು ಕಲ್ಕತ್ತೆಯ ಸರ್ವೇಯರ್ ಜನರಲ್ ಕಚೇರಿಯಲ್ಲಿ, ನಕಾಶೆ ಅಚ್ಚು ಮಾಡುವ ಕಲ್ಲಿನ ಮೇಲೆ, ಕ್ಯಾಪ್ಟನ್ ತುಲಿಯರ್ ಅಚ್ಚು ಹಾಕಿಸಿದರು. ಅರ್ಧಾಣೆಯದನ್ನು ಮೊದಲು ಕೆಂಪಿನಲ್ಲೇ ಶುರು ಮಾಡಿದ್ದರು. ವಿಲಾಯತಿಯ ಇಂಗಳೀಕದ ಬಣ್ಣ ಸಾಲದೆ ಹೋಯಿತು, ನೀಲಿಗೆ ಬದಲಾಯಿಸಿದರು. ಒಂದಾಣೆ ಕೆಂಪು, ಎರಡಾಣೆ ಹಸಿರು, ನಾಲ್ಕಾಣೆಗೆ ಕೆಂಪು ಚೌಕಟ್ಟಿನೊಳಗೆ ನೀಲಿ ತಲೆ. ಆ ನಾಲ್ಕಾಣೆಯಲ್ಲಿ ರಾಣಿಯ ತಲೆ ಉಲ್ಟಾ ಬಿದ್ದ ಕೆಲವು ಉಳಿದಿವೆ, ಜಗತ್ತಿನ ದೊಡ್ಡ ಸಂಗ್ರಾಹಕರು ಪ್ರಾಣ ಬಿಡುವುದು ಅದಕ್ಕೆ. ನನ್ನ ಪ್ರಾಣ ಇರುವುದು ಬೇರೆ ಕಡೆ.

1854ರ ಸ್ಟಾಂಪಿಗೆ ಅಂಚಿನ ತೂತುಗಳಿರಲಿಲ್ಲ. ಟಪಾಲು ಕಚೇರಿಯಲ್ಲಿ ಕತ್ತರಿಯಿಂದಲೇ ಕತ್ತರಿಸಿ ಕೊಡಬೇಕಿತ್ತು. ಹಾಗಾಗಿ ಚಿತ್ರದ ಸುತ್ತ ನಾಲ್ಕೂ ಕಡೆ ಬಿಳಿ ಅಂಚು ಉಳಿದಿದ್ದರೆ ಅದೇ ಭಾಗ್ಯ. ಆ ತಂತಿಯಲ್ಲಿ ಅಂಥ ಒಂದು ನೀಲಿ ಅರ್ಧಾಣೆ ಇತ್ತು. ಅಂಚು ಸೊಟ್ಟಗಿದೆ ಎಂದು ಆಯಿಯ ಹೊಲಿಗೆ ಕತ್ತರಿಯಿಂದ ಚಿತ್ರದವರೆಗೂ ನೀಟಾಗಿ ಕತ್ತರಿಸಿದವನು ನಾನು. ಈಗ ಅದು ಅಂಚೇ ಇಲ್ಲದೆ ಆಲ್ಬಮ್ಮಿನ ಮೊದಲ ಪುಟದಲ್ಲಿದೆ.

ಉಳಿದವು ಲಂಡನ್ನಿನ ಡಿ ಲಾ ರೂ ಕಂಪನಿ ಅಚ್ಚು ಹಾಕಿದವು, ಅಂಚಿಗೆ ತೂತು ಇರುವಂಥವು. 29 ನೀಲಿ ಅರ್ಧಾಣೆ, 11 ಕಂದು ಒಂದಾಣೆ, 2 ಕಿತ್ತಳೆ ಎರಡಾಣೆ. ಎಲ್ಲದರ ಮೇಲೂ ಈಸ್ಟ್ ಇಂಡಿಯಾ ಪೋಸ್ಟೇಜ್ ಎಂದೇ ಇದೆ. ಕಂಪನಿ ಸರಕಾರ 1858ಕ್ಕೇ ಮುಗಿದರೂ ಸ್ಟಾಂಪಿನ ಮೇಲೆ ಆ ಹೆಸರು 1882ರವರೆಗೂ ನಡೆಯಿತು.

ನಿವೃತ್ತನಾದ ಮೇಲೆ ಇವನ್ನು ಸರಿಯಾಗಿ ನೋಡಲು ಕೂತೆ. ಕಪ್ಪು ತಟ್ಟೆಯಲ್ಲಿ ಬೋರಲು ಹಾಕಿ ಲೈಟರಿಗೆ ಹಾಕುವ ಪೆಟ್ರೋಲು ನಾಲ್ಕು ಹನಿ ಬಿಟ್ಟರೆ ಕಾಗದದೊಳಗಿನ ಗುರುತು ಏಳುತ್ತದೆ. 1865ರಿಂದ ಮುಂದಿನವಕ್ಕೆ ಆನೆಯ ತಲೆ. ಮೊದಲ ಸಲ ಆ ಸೊಂಡಿಲು ಕಂಡಾಗ ಮೈ ಜುಮ್ಮೆಂದಿತು. ನನ್ನ 29 ಅರ್ಧಾಣೆಗಳಲ್ಲಿ 22ಕ್ಕೆ ಆನೆ ಇದೆ, 7ಕ್ಕೆ ಇಲ್ಲ. 1873ರಲ್ಲಿ ಅರ್ಧಾಣೆಯ ಅಚ್ಚನ್ನು ಮತ್ತೆ ಕೊರೆದರು. ಹೊಸದರಲ್ಲಿ ರಾಣಿಯ ತುಟಿ ತುಸು ತೆರೆದ ಹಾಗೆ. ಭೂತಗನ್ನಡಿ ಹಿಡಿದು ವಾರಗಟ್ಟಲೆ ತುಟಿ ನೋಡಿದ್ದೇನೆ. ಆನೆ ಇರುವ 22ರಲ್ಲಿ 9 ಹಳೆಯ ಅಚ್ಚು, 13 ಹೊಸದು.

ಅಷ್ಟೇ. ಅದಕ್ಕಿಂತ ಮುಂದೆ ಹೋಗಲು ದಾರಿಯಿಲ್ಲ. ಕಾಗದದ ಜೊತೆ ಇದ್ದಿದ್ದರೆ? ಒಳಗೆ ತಿಥಿ, ಹೊರಗೆ ಹೊರಟ ಊರಿನ ಮುದ್ರೆ, ಬೆನ್ನಿಗೆ ಕುಮಟೆಗೆ ಬಂದು ಮುಟ್ಟಿದ ಮುದ್ರೆ. ಎಷ್ಟು ದಿನದ ದಾರಿ, ಎಷ್ಟು ತೂಕಕ್ಕೆ ಎಷ್ಟು ಕಾಸು, ಎಲ್ಲ ಸಿಗುತ್ತಿತ್ತು. 1854ರ ಕಾಯ್ದೆಯಂತೆ ಕಾಲು ತೊಲದ ಕಾಗದಕ್ಕೆ ಅರ್ಧಾಣೆ, ಅದು ಕುಮಟೆಯಿಂದ ಅಂಕೋಲೆಗೆ ಹೋಗಲಿ, ಪೇಶಾವರಕ್ಕೇ ಹೋಗಲಿ. ಅದೂ ಹೋಗಲಿ, ತಂತಿಯ ಮೇಲಿದ್ದ ಕ್ರಮವೇ ಒಂದು ಇತಿಹಾಸ. ಕೆಳಗಿನದು ಮೊದಲು ಬಂದದ್ದು, ಮೇಲಿನದು ಕಡೆಗೆ. ನಾನು ಅದನ್ನೂ ಕಲಸಿಬಿಟ್ಟೆ.

ಕುಮಟೆಯ ಕಾಗದ ಎಂದರೆ ಹತ್ತಿಯ ಕಾಗದ. ಇವತ್ತಿನ ಮಕ್ಕಳು ನಂಬುವುದಿಲ್ಲ, ನಮ್ಮಲ್ಲಿ ಒಂದು ಗಿಡ ಹತ್ತಿ ಬೆಳೆಯದಿದ್ದರೂ ಮುಂಬಯಿ ಪೇಟೆಯಲ್ಲಿ ಕುಮಟಾ ಹತ್ತಿ ಎಂಬ ಜಾತಿಯೇ ಇತ್ತು. ಧಾರವಾಡ, ಹುಬ್ಬಳ್ಳಿ ಕಡೆಯ ಹತ್ತಿಯ ಅಂಡಿಗೆಗಳು (ಮೂಟೆಗಳು) ಘಟ್ಟ ಇಳಿದು ನಮ್ಮ ಬಂದರಿಗೆ ಬಂದು ಪತ್ತೇಮಾರಿ ಹಡಗು ಹತ್ತುತ್ತಿದ್ದುದರಿಂದ ಬಂದ ಹೆಸರು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ. ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಿತು, ಇಲ್ಲಿಯ ಹತ್ತಿಯ ಭಾವ (ಬೆಲೆ) ಆಕಾಶಕ್ಕೇರಿತು. ಅದೇ ಹೊತ್ತಿಗೆ, 1862ರಲ್ಲಿ, ನಮ್ಮ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. (ನಮ್ಮ ಹಿರಿಯರ ಬಾಯಲ್ಲಿ ಟಪಾಲು ಎಂಬ ಶಬ್ದ ನಿಂತದ್ದು ಆ ನಂಟಿನಿಂದಲೇ ಎಂದು ನನ್ನ ನಂಬಿಕೆ. ಸಾಗರ ಊರಿನ ಕಡೆಯ ಮೈಸೂರು ಸೀಮೆಯವರಿಗೆ ಅದು ಅಂಚೆ.) 1888ರ ಹೊತ್ತಿಗೆ ಘಟ್ಟದ ಕ್ಯಾಸಲ್‌ರಾಕಿಗೆ ಗೋವೆಯ ಮುರ್ಮಗೋವೆ ಬಂದರಿನಿಂದ ರೈಲು ಬಂತು, ಘಟ್ಟದ ಮೇಲಿನ ಸರಕು ಆ ಕಡೆ ತಿರುಗಿತು.

ಒಂದು ಕಾಗದ ಉಳಿದಿದೆ. ಅದಕ್ಕೆ ಸ್ಟಾಂಪಿರಲಿಲ್ಲ. ಹಾಗಾಗಿ ನಾನು ಅದನ್ನು ನೀರಿಗೆ ಹಾಕದೆ ಬಿಸಾಡಿದ್ದೆ. ಆಯಿ ಎತ್ತಿ ಪಂಚಾಂಗದ ಕಟ್ಟಿನೊಳಗೆ ಇಟ್ಟಿದ್ದಳು, ಅವಳು ಹೋದ ಮೇಲೆ 2014ರಲ್ಲಿ ಸಿಕ್ಕಿತು. ಅದು ಬೇರಿಂಗ್ ಕಾಗದ. ಸ್ಟಾಂಪು ಹಚ್ಚದೆ ಹಾಕಿದರೆ ಮುಟ್ಟಿದವರು ಇಮ್ಮಡಿ ಹಣ ಕೊಟ್ಟು ಬಿಡಿಸಿಕೊಳ್ಳಬೇಕು. ಹಣ ವಸೂಲಿಯಾಗಬೇಕಲ್ಲ, ಅದಕ್ಕಾದರೂ ಟಪಾಲಿನವರು ಖಂಡಿತ ಮುಟ್ಟಿಸುತ್ತಾರೆ ಎಂಬ ಭರವಸೆಯಿಂದ ಮುಖ್ಯ ಸುದ್ದಿಯನ್ನು ಬೇಕೆಂದೇ ಹಾಗೆ ಕಳಿಸುವವರಿದ್ದರು.

ನನಗೆ ಮೋಡಿ ಬಾರದು. ಬೆಳಗಾವಿಯಲ್ಲಿ ಓದಬಲ್ಲ ಹಿರಿಯರೊಬ್ಬರನ್ನು ಹುಡುಕಿಕೊಂಡು ಹೋದೆ. ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ನೋಡ್ರಿ, ಇಲ್ಲಿ ಫಾಲ್ಗುಣ ಅಂತ ಐತಿ. ಶಕೆ 1786. ಬರದಾಂವಗ ಭಾಳ ಅವಸರ ಇತ್ತು" ಅಂದರು.

ಶಕೆ 1786ರ ಫಾಲ್ಗುಣ ಅಂದರೆ 1865ರ ಫೆಬ್ರವರಿ ಕೊನೆ, ಮಾರ್ಚ್. ಬರೆದವನು ಮುಂಬಯಿಯ ಅಡತಿ (ದಲ್ಲಾಳಿ) ಅಂಗಡಿಯಲ್ಲಿದ್ದ ಮನೆಯ ಕಿರಿಯ. ಅಣ್ಣನಿಗೆ ನಮಸ್ಕಾರ. ಅಮ್ಮನ ಕೆಮ್ಮು ಹೇಗಿದೆ? ಮುರುಗಲು ಸಿಪ್ಪೆ ಮುಗಿದಿದೆ, ಮಳೆಗೆ ಮುಂಚಿನ ಪತ್ತೇಮಾರಿಯಲ್ಲಿ ಕಳಿಸು. ಆಮೇಲೆ ಮುಖ್ಯ ಮಾತು: ಭಾವ ಸ್ವಲ್ಪ ಇಳಿದಿದೆ, ಹೆದರಬೇಡ, ಮತ್ತೆ ಏರುತ್ತದೆ, ವಖಾರಿಯ ಅಂಡಿಗೆ ಒಂದನ್ನೂ ಈಗ ಮಾರಬೇಡ.

ಏಪ್ರಿಲ್‌ನಲ್ಲಿ ಅಮೆರಿಕದ ಯುದ್ಧ ಮುಗಿಯಿತು. ಮುಂಬಯಿಯಲ್ಲಿ ಭಾವ ಕುಸಿಯಿತು. ಜುಲೈ 1ರ ವಾಯಿದೆಗೆ ದೊಡ್ಡ ದೊಡ್ಡ ವ್ಯಾಪಾರಿ ಮನೆತನಗಳೇ ಮುಳುಗಿದವು.

ಕುಮಟೆಯ ಅಣ್ಣ ಮಾರಿದನೋ, ಮಾತು ಕೇಳಿ ಇಟ್ಟುಕೊಂಡನೋ? ತಮ್ಮ ಮುಂದೆ ಏನು ಬರೆದ? ಆ ಕಾಗದಗಳು ತಂತಿಯ ಮೇಲೆ ಇದರ ಮೇಲುಗಡೆಯೇ ಇದ್ದಿರಬೇಕು. ಆನೆ ಇಲ್ಲದ 7, ಆನೆ ಇದ್ದು ಹಳೆಯ ತುಟಿಯ 9, ಈ ಹದಿನಾರು ನೀಲಿ ಅರ್ಧಾಣೆಗಳಲ್ಲಿ ಯಾವುದೋ ಒಂದು ಆ ಉತ್ತರವನ್ನು ಹೊತ್ತು ತಂದಿದೆ. ಅವುಗಳನ್ನು ಬೇರೆ ಪುಟದಲ್ಲಿ ಹಚ್ಚಿಟ್ಟಿದ್ದೇನೆ, ಪಕ್ಕದಲ್ಲಿ ಆ ಬೇರಿಂಗ್ ಕಾಗದ, ನಡುವೆ ತಂತಿಯ ತೂತು.